ನಾನು ತೋರಿಸದ ಮೂರನೇ ಸಿ.ಡಿ.

ಉಪದೇಶಿ ಕೆಲಸಕ್ಕೆ ಹೊಸದಾಗಿ ಸೇರಿದ ನಾಲ್ಕು ಮಂದಿ ಹೋದ ತಿಂಗಳು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದಿದ್ದರು. ನಮ್ಮ ಕ್ರೈಸ್ತ ಸಭೆಯ ಯುವಜನರಿಗೆ ಸಿನಿಮಾ ತೋರಿಸಿ ಅದರ ಮೇಲೆ ಮಾತಾಡಿಸುವ ಕೆಲಸ ಅವರಿಗೆ ಬಂದಿದೆಯಂತೆ. ಹಳಬನನ್ನು ಕೇಳಿ ಕಲಿತು ಬನ್ನಿ ಎಂದು ಯಾರೋ ಕಳಿಸಿದ್ದರು. ಅವರಲ್ಲಿ ಒಬ್ಬಳು ಪೆನ್ನು ತೆಗೆದು, "ಸಾರ್, ಒಂದು ಮೂವೀನ ಕ್ರೈಸ್ತ ದೃಷ್ಟಿಯಿಂದ ನೋಡೋದು ಹೇಗೆ? ಪಾಯಿಂಟ್ಸ್ ಹೇಳಿ ಸಾರ್" ಎಂದಳು. ನನಗೆ ರೇಗಿಬಿಟ್ಟಿತು. ಪಾಯಿಂಟು ಹಾಕಿಕೊಂಡೇ ಹಾಳಾದವನು ನಾನು. ಪಾಪ, ಆ ಹುಡುಗಿಯ ತಪ್ಪೇನೂ ಇಲ್ಲ. ಕಾಫಿ ಕೊಟ್ಟೆ, ಬರೆದು ಕಳಿಸುತ್ತೇನೆ ಎಂದೆ. ಈಗ ಬರೆಯುತ್ತಿದ್ದೇನೆ.

ಉಪದೇಶಿ ಎಂದರೆ ಸಭಾಪಾಲಕರ ಕೈಕೆಳಗಿನವನು. ಮನೆಮನೆಗೆ ಹೋಗಿ ಪ್ರಾರ್ಥನೆ ಮಾಡಬೇಕು, ಮಕ್ಕಳಿಗೆ ಪಾಠ ಹೇಳಬೇಕು, ಪಾಲಕರಿಗೆ ಜ್ವರ ಬಂದ ದಿನ ಯಾರಾದರೂ ತೀರಿಕೊಂಡರೆ ನಿಂತು ಮಣ್ಣು ಮಾಡಿಸಬೇಕು. ನನಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಊರು ಸೇರಿತ್ತು. ತಿಂಗಳಲ್ಲಿ ಒಂದೊಂದು ಭಾನುವಾರ ಒಂದೊಂದು ಊರು. ನಮ್ಮ ಸೀಮೆಯಲ್ಲಿ ತೆಲುಗಿನ ರೂಢಿಯಂತೆ ಪಾಲಕರನ್ನು ಅಯ್ಯಗಾರು ಎನ್ನುತ್ತಾರೆ. ನಾನು ಪಾಲಕನಲ್ಲದಿದ್ದರೂ ಜನ ನನ್ನನ್ನೂ ಹಾಗೇ ಕರೆದರು. ಆಮೇಲಾಮೇಲೆ ಬೆನ್ನ ಹಿಂದೆ ಸಿನಿಮಾ ಅಯ್ಯಗಾರು ಎನ್ನತೊಡಗಿದರು. ಕೇಳಿಸಿದರೂ ಕೇಳಿಸದವನ ಹಾಗೆ ಇರುತ್ತಿದ್ದೆ, ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಈ ಸಿನಿಮಾ ಕೆಲಸ ಶುರುವಾದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಮನೆಮನೆಗೆ ಕೇಬಲ್ ಬಂದು, ಭಾನುವಾರ ಮಧ್ಯಾಹ್ನದ ಯುವಜನರ ಕೂಟಕ್ಕೆ ಮೂರು ಜನ ಬಂದರೆ ಹೆಚ್ಚು ಎನ್ನುವ ಸ್ಥಿತಿ. ಒಂದು ದಿನ ನಮ್ಮ ಹಿರಿಯ ಸಭಾಪಾಲಕರು ನನ್ನನ್ನು ಕರೆಸಿದರು. ಅವರನ್ನು ಎಲ್ಲರೂ ದೊಡ್ಡಯ್ಯನವರು ಎನ್ನುತ್ತಿದ್ದೆವು. "ನೋಡಬೇಡಿ ಅಂದ್ರೆ ಕೇಳೋ ಕಾಲ ಹೋಯ್ತಪ್ಪ. ನೀನೇ ಜೊತೇಲಿ ಕೂತು ನೋಡು. ನೋಡಿದ್ದನ್ನ ಹೇಗೆ ಅರ್ಥ ಮಾಡ್ಕೋಬೇಕು ಅಂತ ಹೇಳಿಕೊಡು" ಎಂದರು. ಇದು ಜಾಣತನದ ಮಾತು. ಅವರ ಬಗ್ಗೆ ಮುಂದೆ ಬೇರೆ ಥರ ಬರೆಯಬೇಕಾಗುತ್ತದೆ, ಅದಕ್ಕೇ ಇದನ್ನು ಮೊದಲು ಹೇಳಿದ್ದೇನೆ. ಎಪ್ಪತ್ತರ ಹತ್ತಿರದ ಮನುಷ್ಯ, ಸೈಕಲ್ಲು ತುಳಿದುಕೊಂಡು ಕಾಯಿಲೆಯವರ ಮನೆಗೆ ಹೋಗುತ್ತಿದ್ದರು. ಕೆಟ್ಟವರಲ್ಲ.

ಕೆಲಸದ ರೀತಿ ಹೀಗಿತ್ತು. ಸಿ.ಡಿ. ಪ್ಲೇಯರನ್ನು ಟವೆಲಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುವುದು. ಆಯಾ ಊರಿನ ಸಭೆಯ ಯಾರದಾದರೂ ಮನೆಯಿಂದ ಟಿ.ವಿ. ಹೊತ್ತು ತರುವುದು. ಆರಾಧನೆ ಮುಗಿದು ಊಟವಾದ ಮೇಲೆ ಕಿಟಕಿಗೆಲ್ಲ ದುಪ್ಪಟಿ ಕಟ್ಟಿ ಕತ್ತಲು ಮಾಡುವುದು. ಕರೆಂಟು ಹೋದರೆ ಹಾಡು ಹಾಡಿಸುತ್ತ ಕಾಯುವುದು. ಸಿನಿಮಾ ನಡೆಯುವಾಗ ರಿಮೋಟು ನನ್ನ ಕೈಯಲ್ಲಿ. ಬೇಕಾದ ಕಡೆ ಚಿತ್ರವನ್ನು ನಿಲ್ಲಿಸಿ ಕೇಳುತ್ತಿದ್ದೆ: ಇಲ್ಲಿ ಪಾಪ ಯಾವುದು? ಮನಸ್ಸು ತಿರುಗಿದ್ದು ಎಲ್ಲಿ? ಕ್ಷಮಿಸಿದವರು ಯಾರು? ಈ ಮೂರು ಪ್ರಶ್ನೆಗೆ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ. ಪ್ರತಿ ಸಿನಿಮಾವನ್ನೂ ಮೊದಲೇ ಮನೆಯಲ್ಲಿ ಪೂರ್ತಿ ನೋಡಿ, ಕಾಲಂ ತುಂಬಿಸಿಕೊಂಡೇ ಹೊರಡುತ್ತಿದ್ದೆ. ಕೊನೆಗೆ ತೀರ್ಮಾನದ ಪ್ರಾರ್ಥನೆ. ಇವತ್ತು ಮನಸ್ಸಿನಲ್ಲಿ ಏನಾದರೂ ತೀರ್ಮಾನ ಮಾಡಿದವರು ಕಣ್ಣು ಮುಚ್ಚಿಕೊಂಡೇ ಕೈ ಎತ್ತಬೇಕು. ಎಷ್ಟು ಕೈ ಎದ್ದವು ಎಂದು ನಾನು ತಿಂಗಳ ವರದಿಯಲ್ಲಿ ಬರೆಯಬೇಕು.

ಗೌರಿಬಿದನೂರಿನಲ್ಲಿ ನನಗೆ ಮೊದಲ ಪೆಟ್ಟು ಬಿತ್ತು. ಆ ಸಿನಿಮಾದಲ್ಲಿ ನಾಯಕ ಒಂದು ದೊಡ್ಡ ಮರದ ತುಂಡನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತುತ್ತಾನೆ. ನಾನು ಅಲ್ಲಿ ನಿಲ್ಲಿಸಿ, ನೋಡಿ, ಶಿಲುಬೆ ಹೊತ್ತು ನಡೆಯುವ ಹಾಗಿದೆಯಲ್ಲವೇ ಎಂದೆ. ಹುಡುಗರು ತಲೆಯಾಡಿಸಿದರು. ಹಿಂದೆ ಗೋಡೆಗೆ ಒರಗಿ ಕೂತಿದ್ದ ಯೇಸುದಾಸಪ್ಪ ಎದ್ದು ನಿಂತರು. ರೈಲ್ವೆ ಸ್ಟೇಷನ್ನಿನಲ್ಲಿ ಆಯುಷ್ಯವೆಲ್ಲ ಮೂಟೆ ಹೊತ್ತು ಬೆನ್ನು ಬಾಗಿದ್ದ ಮುದುಕ.

"ಅದು ಮರ ಅಯ್ಯಗಾರೂ" ಎಂದರು. "ಹೊರ್ತಾ ಇರೋನು ಹೊಟ್ಟೆಪಾಡಿಗೆ ಹೊರ್ತಾ ಅವ್ನೆ. ಭುಜ ಹೆಂಗ್ ಕಿತ್ಕೊಂಡ್ ಬರ್ತೈತೆ ಅಂತ ಹೊತ್ತೋರಿಗ್ ಗೊತ್ತು. ಕಂಡಿದ್ದಕ್ಕೆಲ್ಲಾ ಶಿಲುಬೆ ಅಂದ್ಬುಟ್ರೆ ಆ ಮನ್ಸ ಎಲ್ಲಿಗ್ ಹೋದ?"

ಎಲ್ಲರೂ ನಕ್ಕರು. ನಾನೂ ನಕ್ಕು, ತಾತನವರು ಚೆನ್ನಾಗಿ ಹೇಳಿದರು ಎಂದು ಸಂಭಾಳಿಸಿದೆ. ಆದರೆ ಬಸ್ಸಿನಲ್ಲಿ ವಾಪಸ್ಸು ಬರುವಾಗ ಸಿಟ್ಟು ಬಂತು. ಮುದುಕನಿಗೆ ದೇವಶಾಸ್ತ್ರ ಏನು ಗೊತ್ತು ಎಂದುಕೊಂಡೆ. ಅವತ್ತು ಆ ಮಾತನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದರೆ ಈಗ ಇದನ್ನು ಬರೆಯುವ ಗತಿ ನನಗೆ ಬರುತ್ತಿರಲಿಲ್ಲ.

ದೊಡ್ಡಯ್ಯನವರದು ಒಂದು ಕಟ್ಟುನಿಟ್ಟು ಇತ್ತು. ಕುಡಿತದ ಹಾಡು, ಕುಣಿತ ಬಂದರೆ ಓಡಿಸಿಬಿಡು, ಪರವಾಗಿಲ್ಲ. ಆದರೆ ಗುಡಿ, ಪೂಜೆ, ಮೈಮೇಲೆ ದೇವರು ಬರುವ ದೃಶ್ಯ ಸಭೆಯ ಕಾಂಪೌಂಡಿನೊಳಗೆ ಟಿ.ವಿ.ಯಲ್ಲೂ ಬರಕೂಡದು. ನಮ್ಮ ಜನ ನಿನ್ನೆ ಮೊನ್ನೆ ಅದನ್ನು ಬಿಟ್ಟು ಬಂದವರು, ಮತ್ತೆ ಅದನ್ನೇ ನಾವು ತೋರಿಸಬಾರದು ಎನ್ನುವುದು ಅವರ ವಾದ. ನನಗೂ ಸರಿ ಎನ್ನಿಸಿತ್ತು. ತೊಂದರೆ ಏನೆಂದರೆ, ನಮ್ಮ ಸಿನಿಮಾಗಳ ಕೊನೆ ನಡೆಯುವುದೇ ಗುಡಿಯ ಮುಂದೆ. ಆ ಕಾಲದ ಸಿ.ಡಿ.ಗಳಲ್ಲಿ ಒಂದು ಸಿನಿಮಾ ಮೂರು ತುಂಡಾಗಿ ಮೂರು ಸಿ.ಡಿ.ಯಲ್ಲಿ ಬರುತ್ತಿತ್ತು. ಹಾಗಾಗಿ ನನಗೆ ಸುಲಭದ ದಾರಿ ಸಿಕ್ಕಿತು. ಎರಡು ಸಿ.ಡಿ. ತೋರಿಸುವುದು, ಎರಡನೆಯದು ಮುಗಿಯುವ ಹೊತ್ತಿಗೆ ಒಂದು ಒಳ್ಳೆಯ ದೃಶ್ಯ ನೋಡಿ ನಿಲ್ಲಿಸುವುದು, ಮುಂದಿನದನ್ನು ಬಾಯಲ್ಲೇ ಹೇಳಿ ಪ್ರಾರ್ಥನೆಗೆ ಇಳಿಯುವುದು. ಜನ ಗೊಣಗುತ್ತಿದ್ದರು. ಒಳ್ಳೆಯ ಕಡೆ ನಿಲ್ಲಿಸುವುದೇ ಒಂದು ಕಲೆ ಎಂದು ನಾನು ನಂಬಿದ್ದೆ.

ಚಿಂತಾಮಣಿಯ ಬಸ್ ಸ್ಟ್ಯಾಂಡಿನ ಹತ್ತಿರ ಬಾಡಿಗೆಗೆ ಸಿ.ಡಿ. ಕೊಡುವ ಅನ್ವರ್ ಇದನ್ನು ಎಲ್ಲರಿಗಿಂತ ಮೊದಲು ಕಂಡುಹಿಡಿದ. ವಾಪಸ್ಸು ಕೊಟ್ಟ ಸಿ.ಡಿ.ಗಳನ್ನು ಬೆಳಕಿಗೆ ಹಿಡಿದು ಗೀರು ನೋಡುವುದು ಅವನ ಅಭ್ಯಾಸ.

"ಸಾಬ್, ಒಂದ್ ಮಾತ್ ಕೇಳ್ಲಾ? ನಿಮ್ಮಿಂದ ಬರೋ ಮೂರ್ನೇ ಸಿ.ಡಿ. ಯಾವಾಗ್ಲೂ ಹೊಸಾದ್ ಥರಾನೇ ಇರುತ್ತೆ. ಬೇರೆಯೋರು ಮೂರ್ನೇದನ್ನೇ ಕೆರ್ದು ಕೆರ್ದು ಹಾಳ್ ಮಾಡಿರ್ತಾರೆ, ಫೈಟಿಂಗ್ ಎಲ್ಲಾ ಅದ್ರಲ್ಲೇ ಅಲ್ವಾ. ನಿಮ್ ಜನಕ್ಕೆ ಕತೆ ಕೊನೆ ಬ್ಯಾಡ್ವಾ?"

"ಕೊನೆ ಏನು ಅಂತ ನಮಗೆ ಮೊದಲೇ ಗೊತ್ತು ಅನ್ವರ್" ಎಂದೆ, ಮಹಾ ಬುದ್ಧಿವಂತನ ಹಾಗೆ.

"ಅಚ್ಛಾ! ಹಂಗಾದ್ರೆ ಎರಡೇ ತಗೊಂಡ್ ಹೋಗಿ ಸಾಬ್, ನಿಮ್ ಚೀಲಕ್ಕೆ ಭಾರ ಕಮ್ಮಿ."

ಅವನ ಅಂಗಡಿಯಿಂದ ತಂದ ಒಂದು ಸಿನಿಮಾದ ವಿಷಯ ಹೇಳಬೇಕು. ಹೆಸರು ಬೇಡ. ಕುಡಿದು ಹೊಡೆಯುವ ಗಂಡನನ್ನು ಬಿಟ್ಟು ತವರಿಗೆ ಬಂದ ಹೆಂಡತಿಯ ಕತೆ. ಎರಡನೇ ಸಿ.ಡಿ.ಯ ಕೊನೆಯಲ್ಲಿ ಗಂಡ ಮಳೆಯಲ್ಲಿ ಬಂದು ಬಾಗಿಲಲ್ಲಿ ನಿಂತು ಅಳುತ್ತಾನೆ. ಹೆಂಡತಿ ತುಂಬ ಹೊತ್ತು ಅವನನ್ನು ನೋಡುತ್ತಾಳೆ. ಒಳಗೆ ಹೋಗಿ ತನ್ನ ಬಟ್ಟೆಯ ಗಂಟು ತಂದು, ಮಾತಿಲ್ಲದೆ ಅವನ ಹಿಂದೆ ನಡೆಯುತ್ತಾಳೆ. ಮೂರೂ ಕಾಲಂ ಒಂದೇ ದೃಶ್ಯದಲ್ಲಿ ತುಂಬಿತು. ಪಾಪ, ಮಾನಸಾಂತರ, ಕ್ಷಮೆ. ಇಂಥ ದೃಶ್ಯ ಸಿಗುವುದು ಅಪರೂಪ ಎಂದು ಹಿಗ್ಗಿದೆ. ಮೂರನೇ ಸಿ.ಡಿ.ಯನ್ನೂ ನೋಡಿದೆ. ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: "ಗುಡಿ. ಬೇಡ." ಆ ಪುಟ ಈಗಲೂ ನನ್ನ ಹತ್ತಿರ ಇದೆ.

ಶಿಡ್ಲಘಟ್ಟದ ಸಭೆಯಲ್ಲಿ ಮಾರ್ತಮ್ಮ ಎನ್ನುವ ಹೆಂಗಸು, ಆಕೆಯ ಒಬ್ಬಳೇ ಮಗಳು ಸಲೋಮಿ. ತಾಯಿ ಮಗಳಿಬ್ಬರೂ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಗೂಡು ಬೇಯಿಸುವ ಕೆಲಸಕ್ಕೆ ಹೋಗುತ್ತಿದ್ದರು. ಕುದಿಯುವ ನೀರಲ್ಲಿ ಕೈಯಾಡಿಸಿ ಇಬ್ಬರ ಬೆರಳೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಸಲೋಮಿಯನ್ನು ಚಿಂತಾಮಣಿಗೆ ಕೊಟ್ಟಿದ್ದರು. ಗಂಡ ತರಕಾರಿ ಮಂಡಿಯಲ್ಲಿ ಮೂಟೆ ಹೊರುವವನು. ಅವನು ಹೊಡೆದು ಅವಳ ಎಡಗೈ ಮುರಿದ ಮೇಲೆ ಅವಳು ತಾಯಿಯ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಅವನು ಆಗಾಗ ಬಂದು ಬೀದಿಯಲ್ಲಿ ನಿಂತು, ಕುಡಿಯೋದು ಬಿಟ್ಟಿದ್ದೀನಿ ಎಂದು ಅತ್ತು ಹೋಗುತ್ತಿದ್ದ.

ಆ ತಿಂಗಳ ಭಾನುವಾರಕ್ಕೆ ಮುಂಚೆ ನಾನು ಅವರ ಮನೆಗೆ ಪ್ರಾರ್ಥನೆಗೆ ಹೋಗಿದ್ದೆ. ಹೊರಡುವಾಗ ಸಲೋಮಿ ಬಾಗಿಲವರೆಗೂ ಬಂದಳು.

"ಅಯ್ಯಗಾರೂ, ನಾನ್ ಹೋಗ್ಬೇಕಾ ಬೇಡ್ವಾ? ನೀವ್ ಒಂದ್ ಮಾತ್ ಹೇಳಿ. ಅಮ್ಮ ಹೋಗ್ಲೇಬೇಡ ಅಂತಾಳೆ. ಮಿಕ್ಕೋರೆಲ್ಲಾ ಹೋಗು ಅಂತಾರೆ. ನಂಗೆ ಒಂದೂ ಗೊತ್ತಾಗ್ತಾ ಇಲ್ಲ." ಅವಳು ಸೆರಗು ಸರಿಸಿ ಎಡಗೈ ತೋರಿಸಿದಳು. ಮೂಳೆ ಕೂಡಿದ ಕಡೆ ಕೈ ಸ್ವಲ್ಪ ಸೊಟ್ಟಗೆ ನಿಂತಿತ್ತು. "ನೋಡಿ, ಸೀರೆ ಹಿಂಡಕ್ಕೂ ಆಗಲ್ಲ."

ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ಬೇಡಮ್ಮ, ಹೋಗಬೇಡ. ಅಷ್ಟು ಹೇಳುವ ಧೈರ್ಯ ನನಗೆ ಇರಲಿಲ್ಲ. ಮದುವೆ ಮುರಿಯಲು ಉಪದೇಶಿ ಹೇಳಿದ ಎಂದು ನಾಳೆ ದೂರು ಹೋದರೆ ಎಂಬ ಅಳುಕು. "ಭಾನುವಾರ ಬಾಮ್ಮ. ಒಂದು ಸಿನಿಮಾ ತೋರಿಸ್ತೀನಿ. ನಿನ್ನ ಪ್ರಶ್ನೆಗೆ ಅದರಲ್ಲೇ ಉತ್ತರ ಇದೆ" ಎಂದೆ.

ಉತ್ತರ ಅದರಲ್ಲಿ ಇತ್ತು. ಅದು ಯಾವ ಸಿ.ಡಿ.ಯಲ್ಲಿತ್ತು ಎಂಬುದೂ ನನಗೆ ಗೊತ್ತಿತ್ತು.

ಭಾನುವಾರ ಅವಳು ಕಂಬದ ಪಕ್ಕ ಕೂತಿದ್ದಳು, ತಾಯಿ ಹಿಂದೆ. ಹೆಂಡತಿ ಗಂಟು ಹಿಡಿದು ಮಳೆಯಲ್ಲಿ ಹೊರಟ ಚಿತ್ರವನ್ನು ನಿಲ್ಲಿಸಿ ನಾನು ಅರ್ಧ ಗಂಟೆ ಮಾತಾಡಿದೆ. ಅಂಥ ಚೆನ್ನಾದ ಮಾತು ಮತ್ತೆಂದೂ ನನ್ನ ಬಾಯಿಂದ ಬರಲಿಲ್ಲ. ಕ್ಷಮೆಗೆ ಲೆಕ್ಕ ಇಡಬಾರದು ಎಂದೆ, ಕ್ಷಮಿಸಿದವರ ಮುಂದೆ ಕಲ್ಲು ಮನಸ್ಸೂ ಕರಗುತ್ತದೆ ಎಂದೆ. ಹೆಂಗಸರು ಕಣ್ಣೊರೆಸಿಕೊಂಡರು. ಹಿಂದಿನಿಂದ ಯಾರೋ, "ಆಮೇಲೆ ಏನಾಯ್ತು ಅಯ್ಯಗಾರೂ, ಸಿನಿಮಾ ಮುಗೀಲಿಲ್ವಲ್ಲ?" ಎಂದರು. "ಆಮೇಲೆ ಎಲ್ಲಾ ಸರಿ ಹೋಗುತ್ತೆ" ಎಂದೆ. ತೀರ್ಮಾನದ ಪ್ರಾರ್ಥನೆಯಲ್ಲಿ ಒಂದೇ ಒಂದು ಕೈ ಎದ್ದಿತು. ಎಡಗೈ ಮೇಲಕ್ಕೆ ಪೂರ್ತಿ ಎತ್ತಲು ಬಾರದವಳು ಬಲಗೈ ಎತ್ತಿದ್ದಳು.

ಆ ಬುಧವಾರವೇ ಅವಳು ಚಿಂತಾಮಣಿಗೆ ಹೋದಳು. ತಿಂಗಳ ವರದಿಯಲ್ಲಿ ನಾನು ಬರೆದೆ: "ಶಿಡ್ಲಘಟ್ಟದಲ್ಲಿ ಚಿತ್ರ ಪ್ರದರ್ಶನದ ಫಲವಾಗಿ ಒಂದು ಕುಟುಂಬ ಒಂದಾಯಿತು." ದೊಡ್ಡಯ್ಯನವರು ಅದನ್ನು ಎಲ್ಲ ಉಪದೇಶಿಗಳ ಮುಂದೆ ಓದಿಸಿ ನನ್ನ ಬೆನ್ನು ತಟ್ಟಿದರು.

ಹನ್ನೊಂದು ವಾರಕ್ಕೆ ಸುದ್ದಿ ಬಂತು. ನಾನು ಚಿಂತಾಮಣಿಯ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಸಲೋಮಿಯ ಮುಖ ಮುಚ್ಚಿದ್ದರು. ಮೆಟ್ಟಿಲಿಂದ ಬಿದ್ದು ತಲೆಗೆ ಪೆಟ್ಟಾಯಿತು ಎಂದು ಗಂಡನ ಕಡೆಯವರು ಹೇಳಿದರು. ಚಿಂತಾಮಣಿಯ ಆ ಗಂಡನ ಮನೆಗೂ ನಾನು ಹಿಂದೆ ಪ್ರಾರ್ಥನೆಗೆ ಹೋಗಿದ್ದವನು. ತಗಡಿನ ಮಾಡಿನ ಒಂದೇ ಕೋಣೆ. ಅದಕ್ಕೆ ಮೆಟ್ಟಿಲೇ ಇರಲಿಲ್ಲ.

ಪೊಲೀಸಿನವರೊಬ್ಬರು ಮಾರ್ತಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಕೇಳಿದರು, "ಎಂಟು ತಿಂಗಳು ಬಿಟ್ಟಿದ್ದೋಳು ಯಾಕಮ್ಮ ವಾಪಸ್ ಹೋದ್ಳು? ಯಾರಾದ್ರೂ ಹೇಳಿ ಕಳ್ಸಿದ್ರಾ?"

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಮಾರ್ತಮ್ಮ ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿದಳು. "ಯಾರೂ ಇಲ್ಲ ಸಾ. ಅವ್ಳೇ ಹೋದ್ಳು" ಎಂದಳು. ನಾನು ಬಾಯಿ ಬಿಡಲಿಲ್ಲ. ನನ್ನ ಕೆಲಸದಲ್ಲಿ ನಾನು ಮಾಡಿದ ಹೇಡಿತನಗಳಲ್ಲಿ ಇದು ಎರಡನೆಯದು. ಮೊದಲನೆಯದು ಸಲೋಮಿ ಕೈ ತೋರಿಸಿದ ಬಾಗಿಲಲ್ಲಿ ಮಾಡಿದ್ದು. ಮಣ್ಣು ಮಾಡುವಾಗ ಪಾಲಕರ ಪಕ್ಕದಲ್ಲಿ ನಾನೇ ಪುಸ್ತಕ ಹಿಡಿದು ನಿಂತಿದ್ದೆ.

ಒಂದು ತಿಂಗಳು ನಾನು ಶಿಡ್ಲಘಟ್ಟದ ಕಡೆ ತಲೆ ಹಾಕಲಿಲ್ಲ. ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದೆ. ಮುಂದಿನ ತಿಂಗಳು ಹೋದಾಗ, ಆರಾಧನೆ ಮುಗಿದು ಎಲ್ಲರೂ ಹೋದ ಮೇಲೂ ಮಾರ್ತಮ್ಮ ಕಂಬದ ಪಕ್ಕದಿಂದ ಏಳಲಿಲ್ಲ. ಬೈಯಲಿ, ಶಾಪ ಹಾಕಲಿ ಎಂದುಕೊಂಡೇ ಹತ್ತಿರ ಹೋಗಿ ಕೂತೆ.

"ಅಯ್ಯಗಾರೂ, ಆ ಸಿನ್ಮಾದಲ್ಲಿ ಆಯಮ್ಮ ಗಂಟ್ ಎತ್ಕೊಂಡು ಹೋದ್ಳಲ್ಲ. ಆಮೇಲ್ ಏನಾದ್ಳು?"

"ಮಾರ್ತಮ್ಮ..."

"ಎಲ್ಲಾ ಸರಿ ಹೋಗುತ್ತೆ ಅಂದ್ರಿ. ಹೆಂಗ್ ಸರಿ ಹೋಯ್ತು? ನಂಗ್ ನೋಡ್ಬೇಕು. ತೋರ್ಸಿ."

ಇಲ್ಲ ಎನ್ನಲು ಆಗಲಿಲ್ಲ. ಮಾರನೆಯ ದಿನವೇ ಅನ್ವರನ ಅಂಗಡಿಗೆ ಹೋಗಿ ಆ ಸಿನಿಮಾ ಕೇಳಿದೆ. ಅವನು ಮೂರೂ ಸಿ.ಡಿ. ಎತ್ತಿಕೊಟ್ಟ. ನಾನು ಎರಡನ್ನು ಅವನ ಮುಂದೆ ಸರಿಸಿ ಮೂರನೆಯದನ್ನು ಮಾತ್ರ ಚೀಲಕ್ಕೆ ಹಾಕಿಕೊಂಡೆ. ಅವನು ಏನೋ ತಮಾಷೆ ಮಾಡಲು ಬಾಯಿ ತೆರೆದವನು ನನ್ನ ಮುಖ ನೋಡಿ ಆ ಎರಡನ್ನು ಎತ್ತಿ ಒಳಗಿಟ್ಟ.

ಶಿಡ್ಲಘಟ್ಟದ ಸಭಾಮಂದಿರದಲ್ಲಿ ಮಧ್ಯಾಹ್ನದ ಹೊತ್ತು ನಾವಿಬ್ಬರೇ ಕೂತು ನೋಡಿದೆವು. ಕಿಟಕಿಗೆ ದುಪ್ಪಟಿ ಕಟ್ಟಲಿಲ್ಲ. ರಿಮೋಟನ್ನು ಟಿ.ವಿ. ಮೇಲೆ ಇಟ್ಟೆ. ಆ ಸಿ.ಡಿ.ಯಲ್ಲಿ ಗಂಡ ನಾಲ್ಕು ದಿನ ಚೆನ್ನಾಗಿರುತ್ತಾನೆ, ಐದನೆಯ ದಿನ ಮತ್ತೆ ಹೊಡೆಯುತ್ತಾನೆ. ಹೆಂಡತಿ ಹರಿದ ಸೀರೆಯಲ್ಲೇ ಬೀದಿಗೆ ಓಡಿ ಬಂದು, ಯಾರ ಮನೆ ಬಾಗಿಲೂ ತೆರೆಯದಾಗ ಊರಮ್ಮನ ಗುಡಿಯ ಮೆಟ್ಟಿಲ ಮೇಲೆ ಕೂರುತ್ತಾಳೆ. ನೀರಿಗೆ ಹೊರಟ ಹೆಂಗಸರು ಅವಳನ್ನು ನೋಡಿ ಒಬ್ಬೊಬ್ಬರಾಗಿ ಬಂದು, ಬಿಂದಿಗೆ ಕೆಳಗಿಟ್ಟು, ಸುತ್ತ ನಿಲ್ಲುತ್ತಾರೆ. ಗಂಡ ಬಂದು ಕೂಗಾಡುತ್ತಾನೆ, ಆಮೇಲೆ ಅಳುತ್ತಾನೆ, ಬಾಗಿಲಲ್ಲಿ ಅತ್ತ ಹಾಗೇ ಅಳುತ್ತಾನೆ. ಹೆಂಗಸರು ಜಾಗ ಬಿಡುವುದಿಲ್ಲ. ಅವಳು ಏಳುವುದಿಲ್ಲ. ಯಾರೋ ತಟ್ಟೆಯಲ್ಲಿ ಮುದ್ದೆ ತಂದು ಕೊಡುತ್ತಾರೆ. ಅವಳು ಅಲ್ಲೇ ಕೂತು ಉಣ್ಣುತ್ತಾಳೆ. ಸಿನಿಮಾ ಅಲ್ಲಿಗೆ ಮುಗಿಯುತ್ತದೆ.

ಮಾರ್ತಮ್ಮ ಅಳಲಿಲ್ಲ. ಹೆಸರುಗಳೆಲ್ಲ ಹೋಗಿ ಟಿ.ವಿ. ನೀಲಿಯಾಗುವವರೆಗೂ ನೋಡುತ್ತಿದ್ದಳು.

"ಇದು ನಿಮ್ಗೆ ಆವತ್ತೇ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ಮತ್ಯಾಕ್ ತೋರ್ಸಲಿಲ್ಲ?"

"ಗುಡಿ ಇತ್ತು, ಅದಕ್ಕೆ." ಆ ಮಾತು ನನ್ನ ಕಿವಿಗೇ ಅಸಹ್ಯವಾಗಿ ಕೇಳಿಸಿತು.

ಅವಳು ಬೆಳ್ಳಗಿನ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. "ಗುಡಿ ಮೆಟ್ಲ್ ಮೇಲೆ ಕೂತಿದ್ರೂ ಆಯಮ್ಮ ಬದ್ಕಿದ್ಲಲ್ಲ ಅಯ್ಯಗಾರೂ. ನನ್ ಕೂಸು ಇಲ್ಲೇ, ಈ ಕಂಬದ್ ಪಕ್ಕ ಕೂತಿದ್ಲು."

ಅವತ್ತೇ ನಾನು ಚಿಂತಾಮಣಿಯ ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳಿಕೆ ಬರೆಸಿದೆ. ಸಲೋಮಿ ಕೈ ತೋರಿಸಿದ್ದು, ನಾನು ಸಿನಿಮಾ ತೋರಿಸಿದ್ದು, ಆ ಮನೆಗೆ ಮೆಟ್ಟಿಲಿಲ್ಲದ್ದು, ಎಲ್ಲವನ್ನೂ ಹೇಳಿದೆ. ಆಮೇಲೆ ದೊಡ್ಡಯ್ಯನವರ ಮುಂದೆ ನಿಂತು, ವರದಿಯ ಆ ಸಾಲನ್ನು ಹೊಡೆದು ಹಾಕಬೇಕು ಎಂದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಕಳಿಸಿ ಆಯ್ತಲ್ಲಪ್ಪ. ದೇವರ ಚಿತ್ತ ಇದ್ದ ಹಾಗೆ ಆಗುತ್ತೆ" ಎಂದರು. "ಇದು ದೇವರ ಚಿತ್ತ ಅಲ್ಲ ಅಯ್ಯನವರೇ, ನನ್ನ ರಿಮೋಟು" ಎಂದೆ. ಅವರ ಎದುರು ನಾನು ದನಿ ಎತ್ತಿದ್ದು ಅದೊಂದೇ ಸಲ. ಅವರು ಸಿಟ್ಟಾಗಲಿಲ್ಲ, ಕನ್ನಡಕ ಮತ್ತೆ ಹಾಕಿಕೊಂಡರು. ಆ ಸಾಲು ಈಗಲೂ ಯಾವುದೋ ಕಡತದಲ್ಲಿ ಹಾಗೇ ಇದ್ದೀತು. ಕೇಸು ವರ್ಷಗಟ್ಟಲೆ ಎಳೆಯಿತು. ಗಂಡ ಜಾಮೀನಿನ ಮೇಲೆ ಹೊರಗೆ ಬಂದು ಮಂಡಿಯಲ್ಲಿ ಮೂಟೆ ಹೊರುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಕೆಲಸ ಬಿಡಬೇಕೆಂದಿದ್ದೆ, ಬಿಡಲಿಲ್ಲ. ಬಿಟ್ಟರೆ ಅದು ಮೂರನೆಯ ಹೇಡಿತನ ಆಗುತ್ತಿತ್ತು. ಅಂದಿನಿಂದ ಪೂರ್ತಿ ತೋರಿಸಲು ಆಗದ ಸಿನಿಮಾವನ್ನು ನಾನು ಮುಟ್ಟಲಿಲ್ಲ. ನಡುವೆ ನಿಲ್ಲಿಸುವುದನ್ನೂ ಬಿಟ್ಟೆ. ಮುಗಿದ ಮೇಲೆ ನಾನು ಕೇಳುತ್ತಿದ್ದದ್ದು ಒಂದೇ: ಇದರಲ್ಲಿ ನೋವು ಯಾರಿಗಾಯಿತು, ಅವರ ಪಕ್ಕ ಯಾರು ನಿಂತರು? ನಾನು ನಂಬಿದ ಯೇಸು ಅಂಥವರ ಪಕ್ಕದಲ್ಲೇ ಇರುತ್ತಾನೆ, ಆ ಜಾಗ ಯಾವುದೇ ಆಗಿರಲಿ. ಕೈ ಎತ್ತಿಸುವುದಂತೂ ಇಲ್ಲವೇ ಇಲ್ಲ. ದೊಡ್ಡಯ್ಯನವರು ಇದನ್ನೆಲ್ಲ ನೋಡಿಯೂ ನೋಡದವರ ಹಾಗೆ ಇದ್ದರು. ಆಮೇಲೆ ಡಿ.ವಿ.ಡಿ. ಬಂತು, ಇಡೀ ಸಿನಿಮಾ ಒಂದೇ ತಟ್ಟೆಯಲ್ಲಿ. ಈಗ ನಿಮಗೆ ಫೋನಿನಲ್ಲೇ ಎಲ್ಲ ಸಿಗುತ್ತದೆ, ಬೇಕಾದಷ್ಟನ್ನೇ ಕತ್ತರಿಸಿ ತೋರಿಸುವುದು ನನ್ನ ಕಾಲಕ್ಕಿಂತ ಸುಲಭವಾಗಿದೆ. ಅದಕ್ಕೇ ಹೆದರಿ ಇಷ್ಟು ಬರೆದೆ.

ನಿವೃತ್ತನಾಗುವವರೆಗೂ ಶಿಡ್ಲಘಟ್ಟದಲ್ಲಿ ನಾನು ತೋರಿಸಿದ ಒಂದು ಸಿನಿಮಾವನ್ನೂ ಮಾರ್ತಮ್ಮ ತಪ್ಪಿಸಲಿಲ್ಲ. ಅದೇ ಕಂಬದ ಪಕ್ಕ ಕೂರುತ್ತಿದ್ದಳು. ಸಿನಿಮಾ ಮುಗಿದು, ಹೆಸರುಗಳೆಲ್ಲ ಹೋಗಿ, ಹುಡುಗರು ಎದ್ದು ಕಿಟಕಿಯ ದುಪ್ಪಟಿ ಬಿಚ್ಚಿದರೂ ಅವಳು ಏಳುತ್ತಿರಲಿಲ್ಲ. ಎಲ್ಲರ ಎದುರಿಗೆ, ಪ್ರತಿ ಸಲವೂ ಕೇಳುತ್ತಿದ್ದಳು:

"ಅಷ್ಟೇನಾ ಅಯ್ಯಗಾರೂ? ಇನ್ನೇನೂ ಇಲ್ವಾ?"

ನಾನು ಎದ್ದು ನಿಂತು ಉತ್ತರ ಕೊಡುತ್ತಿದ್ದೆ.

"ಅಷ್ಟೇ ಅಮ್ಮ. ಇನ್ನೇನೂ ಇಲ್ಲ."

ಆಮೇಲೆ ಅವಳು ಮನೆಗೆ ಹೋಗುತ್ತಿದ್ದಳು.